ಉಳಿ ಸ್ಟ್ಯಾಂಡಿಗೆ ತಳ ಹೊಡೆಯಬೇಡಿ

ದಾವಣಗೆರೆಯಲ್ಲಿ ಈಗಿನ ಹುಡುಗರು ಮರಗೆಲಸದ ಅಂಗಡಿ ಇಟ್ಟುಕೊಂಡಿರೋದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಖಾಲಿ ಪೇಂಟ್ ಡಬ್ಬಿಯಲ್ಲಿ ಉಳಿ, ಅರ, ಸ್ಕ್ರೂಡ್ರೈವರ್ ಎಲ್ಲ ಒಟ್ಟಿಗೆ ತುರುಕಿರುತ್ತಾರೆ. ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಉಳಿಯ ಬಾಯಿ ಮುಕ್ಕಾಗದೆ ಇರುತ್ತಾ? ಬೆಳಿಗ್ಗೆ ಕೂತು ಮಸೆಯೋದು, ಸಂಜೆ ಡಬ್ಬಿಗೆ ಎಸೆಯೋದು. ಯಾವ ಸುಖಕ್ಕೆ?

ಉಳಿಗಳನ್ನು ನೇತುಹಾಕೋ ಸ್ಟ್ಯಾಂಡ್ ಮಾಡೋಕೆ, ಬಾಗಿಲ ಚೌಕಟ್ಟು ಮಾಡಿ ಉಳಿದ ಸಾಗುವಾನಿ ತುಂಡು ಸಾಕು. ಎರಡು ಬೆರಳು ದಪ್ಪ, ಅಂಗೈ ಅಗಲ ಇರಲಿ. ಉಳಿಗೂ ಉಳಿಗೂ ನಡುವೆ ಮುಷ್ಟಿ ಹಿಡಿಸುವಷ್ಟು ಜಾಗ ಬಿಡಿ. ಇಲ್ಲದಿದ್ದರೆ ಒಂದನ್ನು ತೆಗೆಯುವಾಗ ಪಕ್ಕದ ಹಿಡಿ ಗೆಣ್ಣಿಗೆ ಬಡಿಯುತ್ತದೆ.

ಮುಂದಿನ ಅಂಚಿನಿಂದ ಎರಡು ಬೆರಳು ಒಳಗೆ, ಉಳಿಯ ಕುತ್ತಿಗೆ ಸಲೀಸಾಗಿ ಹೋಗುವಷ್ಟು ತೂತು ಹೊಡೆಯಿರಿ. ಮುಂದಿನಿಂದ ಗರಗಸ ಹಾಕಿ, ಕುತ್ತಿಗೆ ಹಾಯುವಷ್ಟು ಅಗಲಕ್ಕೆ ತೂತಿನವರೆಗೂ ಸೀಳಿ. ಇಷ್ಟು ಎಲ್ಲರೂ ಮಾಡುತ್ತಾರೆ. ಇನ್ನು ಮುಂದಿನದಕ್ಕೇ ಸೋಮಾರಿತನ. ತೂತಿನ ಮೇಲ್ಬಾಯಿಯನ್ನು ಬಟ್ಟಲಿನ ಹಾಗೆ ಕೆತ್ತಬೇಕು. ಹಿಡಿಯ ಕೆಳಗಿನ ಬಳೆ ಅದರೊಳಗೆ ಕೂರಬೇಕು. ಸ್ವಲ್ಪ ಕೆತ್ತಿ, ಉಳಿ ಇಟ್ಟು ನೋಡಿ, ಮತ್ತೆ ಸ್ವಲ್ಪ ಕೆತ್ತಿ. ಬಳೆ ಮರದೊಳಗೆ ಒಂದು ಕಡಲೆಕಾಳಿನಷ್ಟು ಇಳಿದರೆ ಸರಿ. ಪ್ರತಿ ಉಳಿಯ ಬಳೆಯೂ ಬೇರೆ, ಅದಕ್ಕೇ ಒಂದೊಂದನ್ನೂ ಇಟ್ಟು ನೋಡಲೇಬೇಕು. ಆಮೇಲೆ ಪಕ್ಕದಲ್ಲಿ ಎಷ್ಟೇ ಸುತ್ತಿಗೆ ಹೊಡೆದರೂ ಉಳಿ ಮುಂದಕ್ಕೆ ಜಾರಿ ಕಾಲ ಮೇಲೆ ಬೀಳೋದಿಲ್ಲ. ಬೇಕಾದಾಗ ತುಸು ಎತ್ತಿ ಎಳೆದರೆ ಆಯ್ತು.

ತಳಕ್ಕೆ ಮಾತ್ರ ಹಲಗೆ ಹೊಡೆಯಬೇಡಿ. ಹೊಡೆದರೆ ಮರದ ಹೊಟ್ಟು ಅಲ್ಲೇ ತುಂಬಿ, ತೇವ ಹೀರಿ, ಸರಿಯಾಗಿ ಉಳಿಯ ಬಾಯಿಗೇ ತುಕ್ಕು ಹಿಡಿಸುತ್ತದೆ. ನಮ್ಮ ಕಡೆ ಮಳೆ ಕಮ್ಮಿ ಅಂತ ವಾದ ಮಾಡಬೇಡಿ. ಮಳೆಗಾಲದಲ್ಲಿ ಮಂಡಕ್ಕಿ ಎಷ್ಟು ಬೇಗ ಮೆತ್ತಗಾಗುತ್ತದೆ, ನೋಡಿಲ್ವಾ?

ನಮ್ಮ ಮಾವನವರು ಅಂಗಡಿ ಬಾಗಿಲು ಹಾಕುವ ಮುಂಚೆ ಒಂದೊಂದೇ ಉಳಿಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದರು. ರೊಟ್ಟಿ ಆರಿಹೋಗುತ್ತೆ ಬನ್ನಿ ಅಂತ ಕರೆದರೂ ಏಳುತ್ತಿರಲಿಲ್ಲ. ಅವರ ಉಳಿಗಳಲ್ಲೇ ನನ್ನ ಮಗ ಈಗಲೂ ಕೆಲಸ ಮಾಡುತ್ತಾನೆ.

ಗರಗಸಕ್ಕೆ ಗೋಡೆಯಲ್ಲೊಂದು ಗೂಟ ಸಾಕು. ಸ್ಕ್ರೂ, ಮೊಳೆಗೆ ಹಳೆಯ ಹಾರ್ಲಿಕ್ಸ್ ಬಾಟಲಿ ತಗೊಳ್ಳಿ. ಅದರ ಮುಚ್ಚಳವನ್ನು ಮೇಲಿನ ಹಲಗೆಯ ಅಡಿಗೆ ಬಿಗಿದು, ಬಾಟಲಿಯನ್ನು ಕೆಳಗಿನಿಂದ ತಿರುಗಿಸಿ ಸಿಕ್ಕಿಸಿ. ಮುಚ್ಚಳಕ್ಕೆ ಎರಡು ಸ್ಕ್ರೂ ಹಾಕಿ. ಒಂದೇ ಹಾಕಿದರೆ ಬಾಟಲಿಯ ಜೊತೆ ಮುಚ್ಚಳವೂ ತಿರುಗುತ್ತದೆ.