ಮಳೆಗಾಲ, ಕಾವಿ ನೆಲ ಮತ್ತು ಬೆಕ್ಕಿನ ಉಚ್ಚೆ: ನನ್ನ ಅನುಭವ

ಏಪ್ರಿಲಿನಲ್ಲಿ ನಮ್ಮ ಮನೆಗೆ ಬಂದವರಿಗೆ ಬೆಕ್ಕು ಕಣ್ಣಿಗೆ ಬಿದ್ದರೆ ಮಾತ್ರ ಅದು ಇದೆ ಎಂದು ಗೊತ್ತಾಗುತ್ತಿತ್ತು. ಜೂನ್ ಬಂತೆಂದರೆ ಜಗಲಿ ಹತ್ತುವಾಗಲೇ ಮೂಗಿಗೆ ಗೊತ್ತಾಗುತ್ತಿತ್ತು. ಬೆಕ್ಕು ಅದೇ, ನೆಲ ಅದೇ, ದಿನಾ ಒರೆಸುವ ಕೈಯೂ ಅದೇ. ಕಾಸರಗೋಡಿನ ಬದಿಯಡ್ಕದ ಕಡೆ ನಮ್ಮಂತೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಕಾವಿ (ಕೆಂಪು ಬಣ್ಣ ಬೆರೆಸಿದ ಸಿಮೆಂಟು) ನೆಲದ ಹಳೆ ಮನೆಯಲ್ಲಿರುವವರಿಗೆ ಇದು ಹೊಸ ಸುದ್ದಿಯಲ್ಲ. ಮಳೆಗಾಲ ಅಲ್ವಾ, ಎಲ್ಲ ಕಡೆ ಮುಗ್ಗಲು ವಾಸನೆ ಎಂದು ಸುಮ್ಮನಾಗುತ್ತೇವೆ.

ಅದು ಮುಗ್ಗಲು ಅಲ್ಲ. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ, ಮೂಗಿಗೆ ಮೊದಲು ಹೊಡೆಯುವ ಘಾಟು ಅದರದ್ದು. ಯೂರಿಯಾ ನೀರಿಗೆ ಕರಗುತ್ತದೆ, ತೊಳೆದರೆ ಹೋಗುತ್ತದೆ. ತೊಳೆದರೂ ಹೋಗದೆ ಉಳಿಯುವುದು ಯೂರಿಕ್ ಆಮ್ಲದ ಹರಳು. ನೀರಿಗೆ ಸುಲಭದಲ್ಲಿ ಕರಗದ ಈ ಹರಳು ಸಿಮೆಂಟಿನ ಸಣ್ಣ ಸಣ್ಣ ತೂತುಗಳಲ್ಲಿ ಕೂತು ಬೇಸಿಗೆಯಿಡೀ ತೆಪ್ಪಗಿರುತ್ತದೆ, ಗಾಳಿಯಲ್ಲಿ ತೇವ ಏರಿದ ಕೂಡಲೇ ಮತ್ತೆ ನಾರುತ್ತದೆ. ಬೆಕ್ಕಿನದ್ದಾದರೆ ಇನ್ನೊಂದು ಉಪದ್ರ ಉಂಟು. ಅದರಲ್ಲಿ ಫೆಲಿನಿನ್ ಎಂಬ, ಗಂಧಕ ಇರುವ ಅಮೈನೊ ಆಮ್ಲ ಇದೆ. ಸಂತಾನಹರಣ ಆಪರೇಷನ್ ಆಗದ ಗಂಡು ಬೆಕ್ಕಿನಲ್ಲಿ ಜಾಸ್ತಿ. ಅದು ನಿಧಾನವಾಗಿ ಒಡೆಯುತ್ತಾ ಹೋದಂತೆ ವಾಸನೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕಾಸರಗೋಡಿನಲ್ಲಿ ಕುಳಿತು, ನೆಲ ಒಣಗಿದರೆ ಎಲ್ಲ ಸರಿಹೋದೀತು ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಅತ್ತೆಯವರ ಮದ್ದು ಒಂದೇ. "ಒಂದು ಮುಚ್ಚಳ ಫಿನಾಯಿಲ್ ಹಾಕಿ ಒರೆಸು ಮಾರಾಯ್ತಿ." ಬೆಕ್ಕು ಬಂದ ಮೇಲೆ ನಾನು ಫಿನಾಯಿಲನ್ನು ಮನೆಯೊಳಗೆ ತರುವುದನ್ನೇ ಬಿಟ್ಟೆ. ಬೆಕ್ಕಿನ ಲಿವರಿಗೆ ಫಿನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು, ಆಮೇಲೆ ಕೂತು ಕಾಲು ನೆಕ್ಕಿಕೊಂಡರೆ ಅಷ್ಟೂ ಹೊಟ್ಟೆಗೆ. ಬಾವಿಗೆ ಹಾಕಲೆಂದು ತಂದ ಬ್ಲೀಚಿಂಗ್ ಪೌಡರ್ ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಒಂದು ಡಬ್ಬದಲ್ಲಿ ಇದ್ದೇ ಇರುತ್ತದೆ. ಅದನ್ನೂ ಉಚ್ಚೆಯ ಮೇಲೆ ಉದುರಿಸಬೇಡಿ. ಅಮೋನಿಯಾದ ಜೊತೆ ಸೇರಿದರೆ ಕ್ಲೋರಮೈನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಕಣ್ಣು ಉರಿ, ಕೆಮ್ಮು, ದಮ್ಮು ಇದ್ದವರಿಗೆ ಹೇಳುವುದೇ ಬೇಡ.

ಮೊದಲು ಜಾಗ ಗೊತ್ತಾಗಬೇಕು. ಮೊದಲ ಮಳೆ ಬಿದ್ದ ವಾರ ಹುಡುಕಲು ಶುರು ಮಾಡಿದರೆ ಕೆಲಸ ಸುಲಭ, ಬೇಸಿಗೆಯಲ್ಲಿ ಮೂಗನ್ನು ನಂಬುವ ಹಾಗಿಲ್ಲ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚ್ ಆನ್‌ಲೈನಿನಲ್ಲಿ ಸಿಗುತ್ತದೆ. ರಾತ್ರಿ ಕರೆಂಟು ಹೋದ ಹೊತ್ತಿಗೆ ಚಾವಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಗೋಡೆಯ ಬುಡಕ್ಕೆ ಹಿಡಿದೆ. ಭತ್ತ ತುಂಬಿಡುವ ಪತ್ತಾಯದ ಹಿಂಗಾಲಿನಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಹಳದಿ ಹಸಿರಿನ ಒಂದು ಮಚ್ಚೆ. ಅಲ್ಲಿಂದ ಸಪೂರ ಗೆರೆಗಳು ಕೆಳಗಿಳಿದು ಕಾವಿಯ ಬಿರುಕಿನೊಳಗೆ ಮಾಯ. ನಾವು ಒರೆಸುತ್ತಿದ್ದದ್ದು ಆ ಬಿರುಕಿನ ಮೇಲೆ, ಅದೂ ಪತ್ತಾಯದ ಮುಂದಿನ ಕಡೆ ಮಾತ್ರ. ಸಾಬೂನಿನ ಅಂಶ ಉಳಿದ ಕಡೆಯೂ ಹೊಳೆಯುತ್ತದೆ, ಹಾಗಾಗಿ ಹೊಳೆದದ್ದಕ್ಕೆಲ್ಲ ಬೆಕ್ಕನ್ನು ಬಯ್ಯಬೇಡಿ. ಬಗ್ಗಿ ಮೂಸಿ ಖಾತ್ರಿ ಮಾಡಿಕೊಳ್ಳಿ. ಸಿಕ್ಕಿದ ಕಡೆಯೆಲ್ಲ ಬಳಪದಲ್ಲಿ ಗೆರೆ ಹಾಕಿಟ್ಟೆ, ಬೆಳಗಾದರೆ ಏನೂ ಕಾಣುವುದಿಲ್ಲವಲ್ಲ.

ಹರಳನ್ನು ಒಡೆಯುವುದು ಎಂಜೈಮ್ ಕ್ಲೀನರ್. ಸಾಕುಪ್ರಾಣಿಗಳ ಉಚ್ಚೆಗೆಂದೇ ಮಾಡಿದ್ದು ಬೇಕು. ಅದನ್ನು ಸಿಂಪಡಿಸಿ ಕೂಡಲೇ ಒರೆಸಿದರೆ ದುಡ್ಡು ದಂಡ. ಮೊದಲು ಬರೀ ನೀರಿನಿಂದ ಜಾಗ ತೊಳೆದು ಹಳೆ ಸಾಬೂನು, ಫಿನಾಯಿಲಿನ ಅಂಶ ತೆಗೆಯಬೇಕು, ಅವು ಎಂಜೈಮಿನ ಕೆಲಸ ಕೆಡಿಸುತ್ತವೆ. ಆಮೇಲೆ ಉಚ್ಚೆ ಎಷ್ಟು ಆಳಕ್ಕೆ, ಎಷ್ಟು ಅಗಲಕ್ಕೆ ಇಳಿದಿರಬಹುದೋ ಅಷ್ಟಕ್ಕೂ ಇದು ಇಳಿಯುವಷ್ಟು ಸುರಿಯಬೇಕು. ಬಿರುಕಿಗೆ ನಾನು ಸೂಜಿ ತೆಗೆದ ಸಿರಿಂಜಿನಲ್ಲಿ ಬಿಟ್ಟೆ. ಮೇಲೆ ಒದ್ದೆ ಬೈರಾಸು, ಅದರ ಮೇಲೆ ಅಡಿಕೆಗೆ ಹೊದೆಸುವ ಪ್ಲಾಸ್ಟಿಕ್ ಶೀಟಿನ ತುಂಡು, ಅಂಚಿಗೆ ಕಲ್ಲು. ತೇವ ಇರುವಷ್ಟು ಹೊತ್ತು ಮಾತ್ರ ಅದು ಕೆಲಸ ಮಾಡುತ್ತದೆ, ಆದ್ದರಿಂದ ರಾತ್ರಿಯಿಡೀ ಹಾಗೇ ಇರಲಿ. ಬೆಳಿಗ್ಗೆ ಶೀಟು ತೆಗೆದಾಗ ವಾಸನೆ ಮೊದಲಿಗಿಂತ ಜೋರು ಬಂದೀತು. ಗಾಬರಿ ಬೇಡ, ಒಡೆಯುವಾಗ ಹಾಗೇ. ಫ್ಯಾನ್ ಹಾಕಿ ಒಣಗಿಸಿ, ಉಳಿದಿದ್ದರೆ ಮತ್ತೊಮ್ಮೆ ಮಾಡುವುದು. ಹಳೆಯ ಕಲೆಗೆ ಒಂದು ಸರ್ತಿ ಸಾಲುವುದಿಲ್ಲ.

ಗೋಡೆಯ ಬುಡ ಮಾತ್ರ ಇದಕ್ಕೂ ಬಗ್ಗಲಿಲ್ಲ. ಸಾರಣೆ (ಗಿಲಾವು) ಉದುರಿದ ಕಡೆ ಮುರಕಲ್ಲು ಹೀರಿಕೊಂಡದ್ದನ್ನು ಯಾರೂ ವಾಪಸ್ ತೆಗೆಯಲಾರರು. ಅಷ್ಟು ಜಾಗದ ಸಾರಣೆ ಕೆತ್ತಿಸಿ, ಕಲ್ಲಿಗೆ ಎಂಜೈಮ್ ಕುಡಿಸಿ, ಪೂರ್ತಿ ಒಣಗಿದ ಮೇಲೆ ಹೊಸದಾಗಿ ಸಾರಣೆ ಮಾಡಿಸಿದೆವು. ಅದು ಬೇಸಿಗೆಯ ಕೆಲಸ, ಆಟಿ ತಿಂಗಳ ಮಳೆಯಲ್ಲಿ ಕೈ ಹಾಕಬಾರದು.

ಕಿತ್ತಳೆ, ಲಿಂಬೆ ಸಿಪ್ಪೆಯ ಬಯೋ ಎಂಜೈಮ್ ಸಾಕಲ್ಲವೇ ಎಂದು ತುಂಬ ಮಂದಿ ಕೇಳುತ್ತಾರೆ. 1 ಪಾಲು ಬೆಲ್ಲ, 3 ಪಾಲು ಸಿಪ್ಪೆ, 10 ಪಾಲು ನೀರು, ಮೂರು ತಿಂಗಳು. ನಾನೂ ಮಾಡುತ್ತೇನೆ, ಬಚ್ಚಲು ತಿಕ್ಕಲು ಒಳ್ಳೆಯದು. ಆದರೆ ಹುದುಗಿದ ಮೇಲೆ ಅದು ಹೆಚ್ಚುಕಡಿಮೆ ವಿನೆಗರಿನಂತೆ ಹುಳಿ. ಯೂರಿಕ್ ಆಮ್ಲದ ಮೇಲೆ ಅದನ್ನು ನಾನು ನೆಚ್ಚುವುದಿಲ್ಲ. ಹುಳಿ ಸಿಮೆಂಟನ್ನು ತಿನ್ನುತ್ತದೆ ಬೇರೆ, ಕಾವಿಯ ಹೊಳಪು ಹೋದರೆ ಈಗ ಅದನ್ನು ತಿಕ್ಕಿ ಕೊಡುವವರನ್ನು ಎಲ್ಲಿಂದ ತರುವುದು?

ಹಾಸಿಗೆಯ ಮೇಲೆ ಹೊಯ್ದರೆ ತಿಕ್ಕಬೇಡಿ. ಹಳೆಯ ಲುಂಗಿ ಮಡಚಿಟ್ಟು ಅದರ ಮೇಲೆ ನಿಂತುಬಿಡಿ, ಬಟ್ಟೆ ಒಣಗಿಯೇ ಬರುವವರೆಗೆ ಬದಲಿಸುತ್ತಾ ಇರಿ. ಹೊಸ ಕಲೆಗೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಮೆಡಿಕಲಿನಲ್ಲಿ ಸಾಮಾನ್ಯವಾಗಿ ಸಿಗುವುದು 6 ಶೇಕಡಾದ್ದು, ಅಷ್ಟೇ ನೀರು ಬೆರೆಸಿದರೆ 3 ಆಗುತ್ತದೆ. ಒಂದು ಲೋಟಕ್ಕೆ ಒಂದು ಚಮಚ ಅಡುಗೆ ಸೋಡಾ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಬೆರೆಸಿದ್ದನ್ನು ಆಗಲೇ ಬಳಸಿ, ಉಳಿದದ್ದು ಚೆಲ್ಲಿ. ಬಾಟಲಿಗೆ ಹಾಕಿ ಬಿರಡೆ ಬಿಗಿದರೆ ಒಳಗೆ ಅನಿಲ ತುಂಬಿ ಒಡೆದೀತು. ಬಣ್ಣದ ಬಟ್ಟೆಯಾದರೆ ಮೂಲೆಯಲ್ಲಿ ಹಚ್ಚಿ ನೋಡಿ, ಬಣ್ಣ ಬಿಡುತ್ತದೆ. ಎಂಜೈಮಿನ ಜೊತೆಗೆ ಮಾತ್ರ ಇದನ್ನು ಹಾಕಬಾರದು, ಒಂದು ಇನ್ನೊಂದನ್ನು ಕೊಲ್ಲುತ್ತದೆ.

ಇಷ್ಟೆಲ್ಲ ತೊಳೆದದ್ದು ಉಳಿಯಬೇಕಾದರೆ ಬೆಕ್ಕು ಒಳಗೆ ಯಾಕೆ ಹೊಯ್ಯುತ್ತದೆ ಎಂದು ನೋಡಲೇಬೇಕು. ನಮ್ಮದು ಬೇಸಿಗೆಯಿಡೀ ತೋಟದಲ್ಲಿ ಮಣ್ಣು ಕೆರೆದು ಮುಗಿಸಿ ಬರುತ್ತಿತ್ತು. ಮಳೆ ಹಿಡಿದ ಮೇಲೆ ಕೆರೆಯಲು ಒಣಮಣ್ಣು ಎಲ್ಲಿ? ಬಚ್ಚಲೊಲೆಯ ಬೂದಿ, ಅದೂ ಇಲ್ಲದಿದ್ದರೆ ಅಡಿಕೆ ಗೋಣಿಯ ಸಂದು. ಹಾಗಾಗಿ ಹಿಂದಿನ ಜಗಲಿಯಲ್ಲಿ ಎರಚಲು ತಾಗದ ಕಡೆ ಅಗಲದ ಪ್ಲಾಸ್ಟಿಕ್ ಟಬ್ಬಿನಲ್ಲಿ ನಯವಾದ ಒಣ ಹೊಯಿಗೆ (ಮರಳು) ಹಾಕಿಟ್ಟೆ. ಮೇಲೆ ಒಂದು ಹಿಡಿ ಬಚ್ಚಲ ಬೂದಿ, ಪರಿಚಯಕ್ಕೆ. ದಿನಾ ಕೆರಸಿಯಲ್ಲಿ ಬಾಚಿ ತೆಗೆಯಬೇಕು, ಗಲೀಜಾದರೆ ಅದು ತಿರುಗಿಯೂ ನೋಡುವುದಿಲ್ಲ. ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಟಬ್ಬು ಹೆಚ್ಚು ಇರಬೇಕು. ಅಡಿಕೆ ಗೋಣಿಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿಸಿದೆ.

ನಿಂತು ಬಾಲ ನಡುಗಿಸಿ ಗೋಡೆಗೆ ಚಿಮ್ಮಿಸುವುದು ಬೇರೆಯೇ ವಿಷಯ. ಅದು ಗಂಡು ಬೆಕ್ಕು ಗಡಿ ಗುರುತು ಹಾಕುವುದು, ಟಬ್ಬು ಇಟ್ಟರೆ ನಿಲ್ಲುವುದಿಲ್ಲ. ಆಪರೇಷನ್ ಮಾಡಿಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಗಂಡು ಬೆಕ್ಕುಗಳು ಬಿಡುತ್ತವೆ ಅಥವಾ ತುಂಬ ಕಡಿಮೆ ಮಾಡುತ್ತವೆ. ನಮ್ಮದೂ ಬಿಟ್ಟಿತು. ಮಾವನಿಗೆ ಮನಸ್ಸಿರಲಿಲ್ಲ, "ಪಾಪ" ಎಂದರು. ಗೋಣಿ ಮೂಸಿದ ಮೇಲೆ ಸುಮ್ಮನಾದರು.

ನಾಯಿಮರಿಯ ಕತೆ ಸರಳ, ಅದು ಕಲಿಯುತ್ತದೆ. ತಿಂಗಳು ಎಷ್ಟೋ ಅದಕ್ಕೆ ಒಂದು ಸೇರಿಸಿ, ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಂಡೀತು: ಎರಡು ತಿಂಗಳ ಮರಿಗೆ ಮೂರು ಗಂಟೆ. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಮೇಲೆ, ಆಟದ ನಡುವೆ ಒಂದೇ ಜಾಗಕ್ಕೆ ಕರೆದೊಯ್ಯಬೇಕು, ಆದ ಕೂಡಲೇ ಹೊಗಳಬೇಕು. ಹೊಯ್ದ ಜಾಗಕ್ಕೆ ಮೂಗು ಉಜ್ಜುವ ಹಳೆ ಪದ್ಧತಿಯಿಂದ ಮರಿ ಕಲಿಯುವುದು ಒಂದೇ, ನಿಮ್ಮ ಕಣ್ಣು ತಪ್ಪಿಸಿ ಮಂಚದ ಅಡಿಯಲ್ಲಿ ಹೊಯ್ಯುವುದು. ಮಳೆಗೆ ಹೊರಗೆ ಇಳಿಯದಿದ್ದರೆ ಕೊಟ್ಟಿಗೆಯ ಮಾಡಿನ ಕೆಳಗೆ ಒಂದು ಜಾಗ ಗೊತ್ತು ಮಾಡಿ.

ಚೆನ್ನಾಗಿ ಕಲಿತ ಪ್ರಾಣಿ ಇದ್ದಕ್ಕಿದ್ದಂತೆ ಒಳಗೆ ಹೊಯ್ಯತೊಡಗಿದರೆ ಅದು ಹಟ ಅಲ್ಲ. ಮೂತ್ರದ ಸೋಂಕು, ಕಿಡ್ನಿ, ಸಕ್ಕರೆ ಕಾಯಿಲೆ ಏನೂ ಇರಬಹುದು. ಆಪರೇಷನ್ ಆದ ಹೆಣ್ಣುನಾಯಿ ನಿದ್ದೆಯಲ್ಲಿ ಗೊತ್ತಿಲ್ಲದೆ ಸೋರಿಸುವುದಕ್ಕೂ ಮದ್ದಿದೆ. ಗಂಡು ಬೆಕ್ಕು ಮತ್ತೆ ಮತ್ತೆ ಉಚ್ಚೆಗೆ ಕೂತು ತಿಣುಕುತ್ತಿದೆ, ಹನಿಯೂ ಬರುತ್ತಿಲ್ಲ ಎಂದಾದರೆ ಬೆಳಗಾಗಲಿ ಎನ್ನಬೇಡಿ, ಮೂತ್ರನಾಳ ಕಟ್ಟಿದರೆ ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತದೆ. ಆಟೋ ಕರೆದು ಮೃಗಾಸ್ಪತ್ರೆಗೆ ಹೋಗಿ.

ತೊಳೆಯುವಾಗ ಕೈಗೆ ಗ್ಲೌಸ್ ಇರಲಿ. ಇಲಿಜ್ವರ ಇಲಿಯಿಂದ ಮಾತ್ರವಲ್ಲ, ಸೋಂಕು ತಗುಲಿದ ನಾಯಿಯ ಉಚ್ಚೆಯಿಂದಲೂ ಬರುತ್ತದೆ, ಮಳೆಗಾಲದಲ್ಲಿ ತೋಟದ ಕೆಲಸದಿಂದ ಕೈಕಾಲಿನಲ್ಲಿ ಗೀರು ಇಲ್ಲದವರು ನಮ್ಮಲ್ಲಿ ಯಾರಿದ್ದಾರೆ? ನಾಯಿಗೆ ಅದರ ಲಸಿಕೆ ಇದೆ, ವರ್ಷಕ್ಕೊಮ್ಮೆ ಹಾಕಿಸಬೇಕು. ನಾವು ಮೇ ತಿಂಗಳಲ್ಲೇ ಹಾಕಿಸುತ್ತೇವೆ.