ಆಂಥೂರಿಯಂ ತೆನೆಯಲ್ಲಿ ಬೀಜ ಕಟ್ಟಿಸುವುದು ಹೇಗೆ?

ಆಂಥೂರಿಯಂನಲ್ಲಿ ಕೆಂಪಗೆ ಮಿರಮಿರ ಹೊಳೆಯುವುದು ಹೂವಲ್ಲ, ಬಣ್ಣ ಬಂದ ಎಲೆ. ನಿಜವಾದ ಹೂಗಳಿರುವುದು ಅದರ ಮೇಲೆ ಎದ್ದು ನಿಂತ ದಪ್ಪ ತೆನೆಯಲ್ಲಿ. ಭೂತಗನ್ನಡಿಯಲ್ಲಿ ನೋಡಿದರೆ ಪುಟ್ಟ ಚೌಕ ಗುಬುಟುಗಳು ಓರೆ ಸಾಲುಗಳಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಒಂದೊಂದು ಗುಬುಟೂ ಒಂದೊಂದು ಪೂರ್ತಿ ಹೂವು. ಗಂಡು, ಹೆಣ್ಣು ಎರಡೂ ಭಾಗ ಅದರಲ್ಲೇ ಇವೆ.

ಹಾಗಿದ್ದರೆ ಬೀಜ ತಾನಾಗೇ ಕಟ್ಟಬೇಕಿತ್ತು, ಅಲ್ವಾ? ಇಲ್ಲ. ಹೆಣ್ಣು ಭಾಗ ಮೊದಲು ಹದಕ್ಕೆ ಬರುತ್ತದೆ. ಅದೇ ತೆನೆ ಪರಾಗ ಬಿಡುವ ಹೊತ್ತಿಗೆ ಹೆಣ್ಣಿನ ಸರದಿ ಮುಗಿದಿರುತ್ತದೆ. ಹಾಗಾಗಿ ಒಂದು ತೆನೆಯ ಪರಾಗವನ್ನು ಇನ್ನೊಂದಕ್ಕೆ ನಾವೇ ಮುಟ್ಟಿಸಬೇಕು. ಕೆಲಸ ಸುಲಭ, ಹೊತ್ತು ಹಿಡಿಯುವುದೇ ಕಷ್ಟ.

ಮೊದಲು ಹೆಣ್ಣು ಭಾಗ ಹದಕ್ಕೆ ಬಂದಿರುವ ತೆನೆ, ಅಂದರೆ ಹೆಣ್ಣು ತೆನೆ, ಗುರುತಿಸಿ. ಕೆಂಪು ಎಲೆ ಬಿಚ್ಚಿದ ಮೇಲೆ ದಿನಾ ಬೆಳಗ್ಗೆ ತೆನೆಯನ್ನು ಬೆಳಕಿಗೆ ಓರೆ ಮಾಡಿ ನೋಡಿ. ಗುಬುಟುಗಳ ತುದಿಯಲ್ಲಿ ಅಂಟಂಟು ಹನಿ ಮಿನುಗಿದರೆ ಹದ ಬಂತು ಎಂದರ್ಥ. ಇದು ಬುಡದಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ.

ಪರಾಗಕ್ಕೆ ಹಳೆಯ ತೆನೆ ಹುಡುಕಿ. ಅದರ ಮೈಮೇಲೆ ಪೌಡರ್ ಉದುರಿಸಿದಂತೆ ಬಿಳಿ ಅಥವಾ ತಿಳಿ ಹಳದಿ ಪುಡಿ ಇರುತ್ತದೆ. ಬೇರೆ ಗಿಡದ ತೆನೆಯಾದರೆ ಒಳ್ಳೆಯದು. ಸಿಗದಿದ್ದರೆ ಅದೇ ಗಿಡದ ಇನ್ನೊಂದು ತೆನೆಯಿಂದಲೂ ಪ್ರಯತ್ನಿಸಬಹುದು. ಒಣಗಿದ ಮೆತ್ತನೆಯ ಬ್ರಷ್‌ನಿಂದ ಪುಡಿ ತೆಗೆದು ಹೆಣ್ಣು ತೆನೆಯ ಹನಿಗಳ ಮೇಲೆ ಸವರಿ. ನನ್ನನ್ನು ಕೇಳಿದರೆ ಬೆರಳೇ ವಾಸಿ, ಬ್ರಷ್‌ನ ಕೂದಲಲ್ಲಿ ಅರ್ಧ ಪರಾಗ ಸಿಕ್ಕಿಕೊಂಡು ಹಾಳಾಗುತ್ತದೆ. ಒಂದೇ ದಿನ ಸವರಿ ಸುಮ್ಮನಾಗಬೇಡಿ. ಹನಿ ಕಾಣುವಷ್ಟು ದಿನವೂ ಸವರಿ, ಏಕೆಂದರೆ ಎಲ್ಲ ಹೂಗಳೂ ಒಟ್ಟಿಗೆ ಹದಕ್ಕೆ ಬರುವುದಿಲ್ಲ. ಆಮೇಲೆ ದಂಟಿಗೆ ದಿನಾಂಕದ ಚೀಟಿ ಕಟ್ಟಿ.

ಹೆಣ್ಣು ತೆನೆ ಇನ್ನೂ ತಯಾರಿಲ್ಲವೇ? ಪುಡಿಯನ್ನು ಕಾಗದದಲ್ಲಿ ಮಡಚಿ, ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಸ್ವಲ್ಪ ದಿನ ತಡೆಯುತ್ತದೆ.

ಬೀಜ ಕಟ್ಟದ ತೆನೆ ಕಂದಾಗಿ ಒಣಗುತ್ತದೆ. ಕಟ್ಟಿದರೆ ಹಸಿರಾಗಿ ಉಬ್ಬುತ್ತಾ ಹೋಗುತ್ತದೆ. ಹಣ್ಣಾಗಲು ಸುಮಾರು 6 ತಿಂಗಳು ಬೇಕು, ಕೆಲವೊಮ್ಮೆ ಜಾಸ್ತಿ. ಮಾಗಿದ ಹಣ್ಣು ತಾನಾಗೇ ತೆನೆಯಿಂದ ಹೊರಕ್ಕೆ ತಳ್ಳಿಕೊಂಡು ಬರುತ್ತದೆ. ಅಲ್ಲಿಯವರೆಗೆ ಕೀಳಬೇಡಿ. ಹಣ್ಣು ಹಿಚುಕಿದರೆ ಲೋಳೆ ಮೆತ್ತಿದ ಒಂದೋ ಎರಡೋ ಬೀಜ ಸಿಗುತ್ತವೆ. ಆಂಥೂರಿಯಂ ಸೇರಿದ ಕೆಸುವಿನ ಕುಟುಂಬದ ಗಿಡಗಳ ರಸದಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ಚರ್ಮ ತುರಿಸಬಹುದು. ಗ್ಲೌಸ್ ಹಾಕಿಕೊಳ್ಳಿ, ಮಕ್ಕಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಬೀಜವನ್ನು ಒಣಗಿಸಿ ಎತ್ತಿಡಬಾರದು, ಒಣಗಿದರೆ ಸತ್ತಂತೆ. ಲೋಳೆ ತೊಳೆದು ಕೂಡಲೇ ಒದ್ದೆ ಪಾಚಿಯ (ಮಾಸ್) ಮೇಲೆ ಹರಡಿ. ಮಣ್ಣು ಮುಚ್ಚಬೇಡಿ. ಮೇಲೆ ಪಾರದರ್ಶಕ ಮುಚ್ಚಳವಿಟ್ಟು, ನೇರ ಬಿಸಿಲು ಬೀಳದ ಬೆಚ್ಚನೆಯ ಜಾಗದಲ್ಲಿಡಿ. ಕೆಲವೇ ವಾರಗಳಲ್ಲಿ ಮೊಳಕೆ ಬರುತ್ತದೆ. ಹೂವಿಗೆ ಮಾತ್ರ ವರ್ಷಗಟ್ಟಲೆ ಕಾಯಬೇಕು. ತಾಯಿಗಿಡ ಮಿಶ್ರತಳಿಯಾಗಿದ್ದರೆ ಬಣ್ಣ ಬೇರೆಯೇ ಬರಬಹುದು.

ಇದೇ ಉಪಾಯ ಅದೇ ಕುಟುಂಬದ ಇನ್ನೊಂದು ಅಲಂಕಾರಿಕ ಗಿಡ ಫಿಲೊಡೆಂಡ್ರಾನ್‌ಗೆ ಹೊಂದುವುದಿಲ್ಲ. ಅದರ ತೆನೆಯಲ್ಲಿ ಹೆಣ್ಣು ಹೂಗಳು ಬುಡದಲ್ಲಿ, ಗಂಡು ಹೂಗಳು ಮೇಲೆ ಬೇರೆಬೇರೆಯಾಗಿರುತ್ತವೆ. ಹೆಣ್ಣು ಭಾಗ ಸುತ್ತಿಕೊಂಡ ಎಲೆಯೊಳಗೆ ಅಡಗಿರುವುದರಿಂದ ಪರಾಗ ಅಲ್ಲಿಗೆ ತಲುಪುವಂತೆ ಬ್ರಷ್ ಒಳಗೆ ತೂರಿಸಬೇಕು. ಎಲೆ ಬಿಚ್ಚಿದ ಮೊದಲ ಸಂಜೆ ತೆನೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅದೇ ಸರಿಯಾದ ಹೊತ್ತು.