ಮಳೆ ಡೈರಿ, ಅಡಿಕೆ ಧಾರಣೆ ಮತ್ತು ಒಂದು ಬೇಸಿಗೆ ತರಗತಿ

ತೀರ್ಥಹಳ್ಳಿ ಸೀಮೆಯ ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆ ರಜೆಯಲ್ಲಿ ದತ್ತಾಂಶ ವಿಶ್ಲೇಷಣೆ ಕಲಿಸುವ ತರಗತಿಯೊಂದನ್ನು ಕೆಲವು ವರ್ಷಗಳಿಂದ ನಡೆಸುತ್ತ ಬಂದಿದ್ದೇನೆ. ಈ ವಿಷಯವನ್ನು ಕಲಿಸುವವರು ಸಾಮಾನ್ಯವಾಗಿ ಅಂತರ್ಜಾಲದಲ್ಲಿ ಸಿದ್ಧವಾಗಿ ಸಿಗುವ ಕಡತಗಳಿಂದ ಆರಂಭಿಸುತ್ತಾರೆ: ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿ, ಇಲ್ಲವೇ 1936ರಲ್ಲಿ ರೊನಾಲ್ಡ್ ಫಿಶರ್ ತಮ್ಮ ಲೇಖನದಲ್ಲಿ ಬಳಸಿದ, ಮೂರು ಜಾತಿಯ 150 ಐರಿಸ್ ಹೂವುಗಳ ಅಳತೆ. ಅವು ಕೆಟ್ಟ ಉದಾಹರಣೆಗಳೇನಲ್ಲ. ಆದರೆ ಅವುಗಳಲ್ಲಿ ಯಾವುದಾದರೂ ಅಂಕಿ ಅನುಮಾನ ಹುಟ್ಟಿಸಿದರೆ ಹೋಗಿ ವಿಚಾರಿಸಲು ಯಾರೂ ಇಲ್ಲ. ವಿದ್ಯಾರ್ಥಿ ಅದನ್ನು ನಂಬಬೇಕು ಅಥವಾ ಅಳಿಸಬೇಕು. ಆದ್ದರಿಂದ ನಾನು ಹಾಕಿಕೊಂಡ ಷರತ್ತು ಒಂದೇ: ಅಂಕಿಯನ್ನು ಬರೆದವರ ಮನೆಗೆ ಅಥವಾ ಅದು ಹುಟ್ಟಿದ ಜಾಗಕ್ಕೆ ವಿದ್ಯಾರ್ಥಿಯು ಬಸ್ಸಿನಲ್ಲೋ ಬೈಕಿನಲ್ಲೋ ಹೋಗಿ ಸಂಜೆಯೊಳಗೆ ಮರಳುವಂತಿರಬೇಕು. ಈ ಷರತ್ತಿಗೆ ಒಪ್ಪುವ ದತ್ತಾಂಶ ಮಲೆನಾಡಿನಲ್ಲಿ ಧಾರಾಳವಾಗಿ ಸಿಗುವುದು ಎರಡು: ಮಳೆ ಮತ್ತು ಅಡಿಕೆ ಧಾರಣೆ.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಲಿಬ್ರೆಆಫೀಸ್ ಕ್ಯಾಲ್ಕ್ ಇತ್ತು, ಮನೆಯಿಂದ ಲ್ಯಾಪ್‌ಟಾಪ್ ತಂದ ಕೆಲವರಲ್ಲಿ ಎಕ್ಸೆಲ್ ಇತ್ತು, ಕೊನೆಯ ಭಾಗಕ್ಕೆ ಪೈಥಾನನ್ನು ಇಂಟರ್ನೆಟ್ ಇಲ್ಲದೆಯೂ ನಡೆಯುವಂತೆ ಮೊದಲೇ ಇನ್‌ಸ್ಟಾಲ್ ಮಾಡಿಸಿದ್ದೆ. ಮೇ ತಿಂಗಳ ಮಧ್ಯಾಹ್ನ ಗುಡುಗು ಶುರುವಾದರೆ ನಮ್ಮಲ್ಲಿ ಪ್ಲಗ್ ಕಿತ್ತಿಡುವುದು ರೂಢಿ. ಹಾಗಾಗಿ ಕಂಪ್ಯೂಟರಿನ ಕೆಲಸವನ್ನೆಲ್ಲ ಬೆಳಗಿನ ಹೊತ್ತಿಗೆ ಇಟ್ಟುಕೊಂಡು, ಮಧ್ಯಾಹ್ನವನ್ನು ಕಾಗದ, ಪೆನ್ಸಿಲ್ ಮತ್ತು ಚರ್ಚೆಗೆ ಬಿಟ್ಟಿದ್ದೆವು. ಕಲಿಕೆಯ ಒಳ್ಳೆಯ ಭಾಗ ನಡೆದದ್ದು ಹೆಚ್ಚಾಗಿ ಮಧ್ಯಾಹ್ನವೇ.

ಮೊದಲ ಪಾಠ ಮಳೆಮಾಪಕದ್ದು. ಹವಾಮಾನ ಇಲಾಖೆ ಬಳಸುವ ಸಾಧಾರಣ ಮಳೆಮಾಪಕದ ಬಾಯಿ 100 ಅಥವಾ 200 ಚದರ ಸೆಂಟಿಮೀಟರ್ ಇರುತ್ತದೆ. 200 ಚದರ ಸೆಂಟಿಮೀಟರ್ ಬಾಯಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಳಗೆ ಸೇರುವ ನೀರು 20 ಮಿಲಿಲೀಟರ್. ಒಳಗಿನ ಬಾಟಲಿ ನಾಲ್ಕು ಲೀಟರಿನದಾದರೆ 200 ಮಿಲಿಮೀಟರಿಗೆ ಅದು ತುಂಬುತ್ತದೆ. ಈ ಗುಣಾಕಾರವನ್ನು ವಿದ್ಯಾರ್ಥಿಗಳೇ ಮಾಡಿದ ಮೇಲೆ ಒಬ್ಬ ಹುಡುಗ, ಆಗುಂಬೆಯಲ್ಲಿ ಒಂದೇ ದಿನ ಅದಕ್ಕಿಂತ ಹೆಚ್ಚು ಸುರಿದರೆ ಉಳಿದ ನೀರು ಎಲ್ಲಿ ಹೋಗುತ್ತದೆ ಎಂದು ಕೇಳಿದ. ಅಲ್ಲಿಗೆ ದೊಡ್ಡ ಬಾಟಲಿ ಬೇಕು, ಇಲ್ಲವೇ ದಿನಕ್ಕೆ ಎರಡು ಸಲ ಅಳೆಯಬೇಕು. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 24 ಗಂಟೆಗೆ 204.4 ಮಿಲಿಮೀಟರ್ ಮೀರಿದ್ದು ಅತ್ಯಂತ ಭಾರಿ ಮಳೆ. ಕಡತದಲ್ಲಿ ಸತತವಾಗಿ 200ರ ಅಂಕಿಯೇ ಕಂಡರೆ ಅದು ಮಳೆಯ ಮಿತಿಯೋ ಬಾಟಲಿಯ ಮಿತಿಯೋ ಎಂದು ಕೇಳುವ ಅಭ್ಯಾಸ ಅಂದಿನಿಂದ ಬಂತು.

ಮಲೆನಾಡಿನ ಅನೇಕ ಅಡಿಕೆ ಮತ್ತು ಕಾಫಿ ತೋಟದವರು ದಿನದಿನದ ಮಳೆಯನ್ನು ಡೈರಿಯಲ್ಲೋ ಗೋಡೆಯ ಕ್ಯಾಲೆಂಡರಿನಲ್ಲೋ ಬರೆದಿಡುತ್ತಾರೆ. ಇಂಥ ಡೈರಿಗಳನ್ನು ಮಾಲೀಕರ ಒಪ್ಪಿಗೆ ಪಡೆದು ಫೋಟೋ ತೆಗೆದು, ಕಂಪ್ಯೂಟರಿಗೆ ಏರಿಸುವುದೇ ತರಗತಿಯ ಮುಖ್ಯ ಕೆಲಸವಾಗಿತ್ತು. ಒಂದೇ ಪುಟವನ್ನು ಇಬ್ಬರು ಬೇರೆಬೇರೆಯಾಗಿ ಟೈಪ್ ಮಾಡಿ, ಎರಡು ಕಾಲಂಗಳನ್ನು ಕಳೆದು ನೋಡಿ, ಸೊನ್ನೆ ಬಾರದ ಸಾಲಿಗೆ ಮಾತ್ರ ಮತ್ತೆ ಫೋಟೋ ತೆರೆಯುವ ಪದ್ಧತಿ ಇಟ್ಟೆ. ಬೇಸರದ ಕೆಲಸ, ನಿಜ. ಆದರೆ ದತ್ತಾಂಶದ ದೋಷಗಳು ಎಂಥವು ಎಂಬುದನ್ನು ಇದಕ್ಕಿಂತ ಬೇಗ ಕಲಿಸುವ ಉಪಾಯ ನನಗೆ ಗೊತ್ತಿಲ್ಲ.

ಕಾಫಿ ತೋಟದ ಡೈರಿಗಳಲ್ಲಿ ಮಳೆ ಇಂದಿಗೂ ಇಂಚು ಮತ್ತು ಸೆಂಟಿನಲ್ಲಿರುತ್ತದೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಡೈರಿಯಲ್ಲಿ 1-10 ಎಂದು ಬರೆದಿದ್ದನ್ನು ಹಾಗೆಯೇ ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ, ಭಾರತೀಯ ದಿನಾಂಕ ಪದ್ಧತಿಯ ಕಂಪ್ಯೂಟರಿನಲ್ಲಿ ಅದು ಅಕ್ಟೋಬರ್ 1 ಆಗುತ್ತದೆ, ಅಮೆರಿಕದ ಪದ್ಧತಿಯಲ್ಲಿ ಜನವರಿ 10 ಆಗುತ್ತದೆ. ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ಪಠ್ಯವೆಂದು ಗುರುತಿಸಿ, ಆಮೇಲೆ ನಡುವಿನ ಅಡ್ಡಗೆರೆಯಲ್ಲಿ ಒಡೆದು ಎರಡು ಕಾಲಂ ಮಾಡಬೇಕು. ಅಲ್ಲಿಯೂ ಎಚ್ಚರ ಬೇಕು: 1-5 ಎಂದರೆ ಒಂದು ಇಂಚು ಐದು ಸೆಂಟು, ಅಂದರೆ 26.67 ಮಿಲಿಮೀಟರ್, ಅದನ್ನು ಒಂದೂವರೆ ಇಂಚೆಂದು ಓದಿದರೆ 38.1 ಮಿಲಿಮೀಟರ್ ಆಗಿ ಕೂರುತ್ತದೆ. ಎರಡೂ ನಂಬುವಂತಹ ಅಂಕಿಗಳೇ ಆದ್ದರಿಂದ ಈ ತಪ್ಪನ್ನು ಯಾವ ನಕ್ಷೆಯೂ ತೋರಿಸಿಕೊಡುವುದಿಲ್ಲ.

ಡೈರಿಯಲ್ಲಿ ಏನೂ ಬರೆಯದೆ ಖಾಲಿ ಬಿಟ್ಟ ಮನೆಗಳ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ವಿದ್ಯಾರ್ಥಿನಿಯೊಬ್ಬಳು ಜುಲೈ ತಿಂಗಳ ಪುಟವೊಂದನ್ನು ಹಿಡಿದು ತೋಟದ ಹಿರಿಯರ ಬಳಿ, "ಅಜ್ಜಾ, ಇಲ್ಲಿ ಮೂರು ದಿನ ಏನೂ ಬರ್ದಿಲ್ವಲ್ಲ, ಮಳೆ ಬರ್ಲಿಲ್ವಾ?" ಎಂದು ಕೇಳಿದಳು. "ಮಳೆ ಬರ್ದೆ ಏನು ಮಾರಾಯ್ತಿ, ನಾವೇ ಊರಲ್ಲಿರ್ಲಿಲ್ಲ. ಬಂದ್ಮೇಲೆ ಒಟ್ಟಿಗೇ ಅಳ್ದಿದ್ದು" ಎಂದು ಅವರು ಉತ್ತರಿಸಿದರು. ಆಕೆ ಆ ಮನೆಗಳಿಗೆ ಸೊನ್ನೆ ತುಂಬಿದ್ದರೆ ತಿಂಗಳ ಮೊತ್ತ ಸರಿಯಾಗಿಯೇ ಬರುತ್ತಿತ್ತು, ಆದರೆ ಮಳೆಯ ದಿನಗಳ ಎಣಿಕೆ ಕಡಿಮೆಯಾಗಿ, ನಾಲ್ಕನೆಯ ದಿನ ಆ ವರ್ಷದ ಅತಿದೊಡ್ಡ ಮಳೆಯ ದಿನವೆಂಬ ಸುಳ್ಳು ಪದವಿ ಪಡೆಯುತ್ತಿತ್ತು. ಅಂದಿನಿಂದ ನಮ್ಮ ಕಡತಗಳಲ್ಲಿ ಮಳೆ ಇಲ್ಲದ ದಿನ, ಅಳೆಯದ ದಿನ ಮತ್ತು ಒಟ್ಟಾಗಿ ಅಳೆದ ದಿನ ಎಂಬ ಮೂರು ಗುರುತುಗಳಿಗೆ ಪ್ರತ್ಯೇಕ ಕಾಲಂ ಬಂತು.

ತೋಟದ ಡೈರಿಯನ್ನು ಅಧಿಕೃತ ಅಂಕಿಯೊಂದಿಗೆ ಹೋಲಿಸುವ ಪಾಠಕ್ಕೆ ಹೆಚ್ಚು ಹೊತ್ತು ಕೊಟ್ಟೆ. ಹವಾಮಾನ ಇಲಾಖೆಯ ಮಳೆಯ ದಿನ ಮಧ್ಯರಾತ್ರಿಗೆ ಬದಲಾಗುವುದಿಲ್ಲ, ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಗಳ ಮಳೆಯನ್ನು ಅಳೆದ ದಿನದ ಲೆಕ್ಕಕ್ಕೆ ಬರೆಯುತ್ತಾರೆ. ಜೂನ್ 10ರ ಅಂಕಿಯೆಂದರೆ 9ರ ಬೆಳಿಗ್ಗೆಯಿಂದ 10ರ ಬೆಳಗಿನವರೆಗಿನ ಮಳೆ. ತೋಟದವರು ಅದೇ ಹೊತ್ತಿಗೆ ಅಳೆದರೂ, ಅದು ನಿನ್ನೆಯ ಮಳೆಯೆಂದು 9ನೇ ತಾರೀಖಿನ ಮುಂದೆ ಬರೆಯುವುದುಂಟು. ವಿದ್ಯಾರ್ಥಿಗಳು ಒಂದು ಡೈರಿಯನ್ನೂ ಹತ್ತಿರದ ಮಳೆಮಾಪನ ಕೇಂದ್ರದ ಅಂಕಿಗಳನ್ನೂ ಚುಕ್ಕೆಗಳಾಗಿ ಹಾಕಿದಾಗ ಚುಕ್ಕೆಗಳು ಹಾಳೆಯ ತುಂಬ ಚದುರಿದವು. ಇದು ಬರೀ ಅಂದಾಜಿನ ಡೈರಿ ಎಂಬ ತೀರ್ಪೂ ತಕ್ಷಣ ಬಂತು. ಡೈರಿಯ ಕಾಲಂ ಅನ್ನು ಒಂದು ಸಾಲು ಕೆಳಕ್ಕೆ ಸರಿಸಿ ಮತ್ತೆ ನಕ್ಷೆ ಹಾಕಿ ಎಂದೆ. ಚುಕ್ಕೆಗಳು ಒಂದು ಓರೆಗೆರೆಯ ಸುತ್ತ ಒತ್ತಾಗಿ ನಿಂತವು. ಎರಡು ಕಾಲಂಗಳ ಅಂಕಿಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂದು ಅಳೆಯುವ ಸಹಸಂಬಂಧ ಗುಣಾಂಕದ ಸೂತ್ರವನ್ನು ನಾನು ಹಲಗೆಯ ಮೇಲೆ ಬರೆದದ್ದು ಇದರ ನಂತರ; ಆ ಹೊತ್ತಿಗೆ ಸೂತ್ರ ಏನನ್ನು ಅಳೆಯುತ್ತದೆ ಎಂದು ವಿವರಿಸುವ ಅಗತ್ಯವೇ ಉಳಿದಿರಲಿಲ್ಲ. ಎರಡು ಜಾಗಗಳ ನಡುವೆ ಒಂದು ಗುಡ್ಡ ಅಡ್ಡವಿದ್ದರೂ ಮಳೆ ಬೇರೆಯಾಗುತ್ತದೆ ಎಂಬುದನ್ನು ಮಲೆನಾಡಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲವಾದ್ದರಿಂದ, ಉಳಿದ ಚದುರುವಿಕೆಯನ್ನು ಅವರು ತಾವಾಗಿಯೇ ವಿವರಿಸಿದರು.

ತಿಂಗಳುವಾರು ಮೊತ್ತ ತೆಗೆಯಲು ಪಿವೋಟ್ ಟೇಬಲ್ ಕಲಿಸುತ್ತಿದ್ದಾಗ, ಕೃಷಿಕ ಕುಟುಂಬದ ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿ ಮಳೆಯನ್ನು ಯಾರೂ ತಿಂಗಳ ಲೆಕ್ಕದಲ್ಲಿ ಮಾತಾಡುವುದಿಲ್ಲ, ನಕ್ಷತ್ರದ ಲೆಕ್ಕದಲ್ಲಿ ಮಾತಾಡುತ್ತಾರೆ ಎಂದರು. ಸರಿಯಾದ ಆಕ್ಷೇಪ. ಪಂಚಾಂಗದಿಂದ ಆಯಾ ವರ್ಷದ ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳು ಹಿಡಿಯುವ ದಿನಾಂಕಗಳನ್ನು ಒಂದು ಪುಟ್ಟ ಕೋಷ್ಟಕ ಮಾಡಿ, ವಿ-ಲುಕಪ್ ಸೂತ್ರದಿಂದ ಪ್ರತಿ ದಿನಕ್ಕೂ ಅದರ ನಕ್ಷತ್ರವನ್ನು ಜೋಡಿಸಿದೆವು. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನಗಳಿರುವುದರಿಂದ ಮೊತ್ತದ ಬದಲು ದಿನದ ಸರಾಸರಿ ಹೋಲಿಸಬೇಕೆಂಬ ಮಾತು ಅವರಿಂದಲೇ ಬಂತು. ಆರಿದ್ರಾ ಆರದೆ ಹೊಯ್ಯುತ್ತದೆ ಎನ್ನುವುದನ್ನು ಪರೀಕ್ಷಿಸಲು ಹೊರಟ ಗುಂಪಿಗೆ ಮೊದಲ ತೊಡಕು ಎದುರಾದದ್ದು ಕಂಪ್ಯೂಟರಿನಲ್ಲಲ್ಲ. ಎಷ್ಟು ಮಳೆ ಬಿದ್ದರೆ ಆರಲಿಲ್ಲ ಎನ್ನಬೇಕು? ಇಲಾಖೆಯ ಪ್ರಕಾರ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನ ಮಳೆಯ ದಿನ. ಆ ಅಳತೆಯನ್ನೇ ಹಿಡಿದು, ಬಿಡುವಿಲ್ಲದೆ ಸಾಗಿದ ಅತಿ ಉದ್ದದ ಸರಣಿ ಯಾವ ನಕ್ಷತ್ರದಲ್ಲಿದೆ ಎಂದು ನೋಡಿದರು. ಒಂದು ವರ್ಷ ಆರಿದ್ರಾ, ಇನ್ನೊಂದು ವರ್ಷ ಪುನರ್ವಸು, ಮತ್ತೊಂದರಲ್ಲಿ ಪುಷ್ಯ. ಒಂದು ತೋಟದ ಕೆಲವೇ ವರ್ಷಗಳ ಡೈರಿಯಿಂದ ಇದನ್ನು ತೀರ್ಮಾನಿಸಲಾಗದು ಎಂದು ವರದಿಯಲ್ಲಿ ಬರೆದರು. ನಾನು ಪೂರ್ಣ ಅಂಕ ಕೊಟ್ಟದ್ದು ಆ ಒಂದು ಸಾಲಿಗೆ.

ಅಡಿಕೆ ಧಾರಣೆಯ ಪಾಠ ಬೇಗ ಕಾವೇರಿತು, ಏಕೆಂದರೆ ಅರ್ಧಕ್ಕರ್ಧ ವಿದ್ಯಾರ್ಥಿಗಳ ಮನೆಯ ಆದಾಯವೇ ಅದು. ಶಿವಮೊಗ್ಗ ಮಾರುಕಟ್ಟೆಯ ದಿನದ ಪಟ್ಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ಬಗೆಬಗೆಗೆ ಕ್ವಿಂಟಲ್ ಬೆಲೆ ಇರುತ್ತದೆ. ಪ್ರತಿ ಬಗೆಗೂ ಕನಿಷ್ಠ, ಗರಿಷ್ಠ ಮತ್ತು ಹೆಚ್ಚಿನ ವ್ಯಾಪಾರ ಕುದುರಿದ ಬೆಲೆ ಎಂಬ ಮೂರು ಅಂಕಿಗಳು. ಊರಿನ ಮಾತುಕತೆಯಲ್ಲಿ ಓಡಾಡುವುದು ಗರಿಷ್ಠ ಬೆಲೆ, ಅದು ಒಂದೇ ಒಂದು ಸಣ್ಣ ಲಾಟಿಗೆ ಸಿಕ್ಕಿದ್ದಾದರೂ. ಪಠ್ಯಪುಸ್ತಕದ ಬಹುಲಕ, ಅಂದರೆ ಅತಿ ಹೆಚ್ಚು ಸಲ ಬರುವ ಅಂಕಿ, ಯಾವ ಉಪಯೋಗಕ್ಕೆ ಬರುತ್ತದೆ ಎಂದು ಕೇಳುತ್ತಿದ್ದ ವಾಣಿಜ್ಯ ವಿದ್ಯಾರ್ಥಿಗಳಿಗೆ ಈ ಮೂರನೆಯ ಕಾಲಂ ಸಾಕಾಯಿತು.

ಎಲ್ಲ ಬಗೆಗಳನ್ನೂ ಬೆರೆಸಿ ಸರಾಸರಿ ತೆಗೆಯುವುದರ ಅಪಾಯವನ್ನು ತೋರಿಸಲು ನಾನು ಪಾಠಕ್ಕಾಗಿ ಒಂದು ಲೆಕ್ಕ ಕಟ್ಟಿದೆ. ಮೊದಲ ದಿನ ಗೊರಬಲು 80 ಕ್ವಿಂಟಲ್ 30,000 ರೂಪಾಯಿಯಂತೆ, ಸರಕು 20 ಕ್ವಿಂಟಲ್ 80,000ದಂತೆ ಮಾರಾಟವಾಯಿತೆಂದುಕೊಳ್ಳೋಣ. ತೂಕ ಹಿಡಿದು ತೆಗೆದ ಸರಾಸರಿ 40,000. ಮರುದಿನ ಎರಡರ ಬೆಲೆಯೂ ಇಳಿದು ಗೊರಬಲು 29,000, ಸರಕು 78,000 ಆಯಿತು, ಆದರೆ ಆವಕ ಎರಡರದ್ದೂ ತಲಾ 50 ಕ್ವಿಂಟಲ್. ಈಗ ಸರಾಸರಿ 53,500. ಪ್ರತಿಯೊಬ್ಬ ಬೆಳೆಗಾರನಿಗೂ ಕಡಿಮೆ ಸಿಕ್ಕಿದೆ, ಮಾರುಕಟ್ಟೆಯ ಸರಾಸರಿ ಮಾತ್ರ ಏರಿದೆ. ಇದನ್ನು ಕಂಡು ಒಬ್ಬ ಹುಡುಗ, "ಸರ್, ಹಾಗಾದ್ರೆ ಧಾರಣೆ ಏರ್ತು ಅಂತ ಬರೆಯೋರು ಯಾವ ಲೆಕ್ಕ ಹಾಕ್ತಾರೆ?" ಎಂದು ಕೇಳಿದ. ಅದೇ ಅವನ ಪ್ರಾಜೆಕ್ಟ್ ಆಯಿತು.

ಸ್ಥಳನಾಮಗಳ ಶುದ್ಧೀಕರಣಕ್ಕೆ ಹಿಡಿದ ಹೊತ್ತು ಎಲ್ಲರ ತಾಳ್ಮೆಯನ್ನೂ ಪರೀಕ್ಷಿಸಿತು. ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಶಿವಮೊಗ್ಗವಾದರೂ ಇಂಗ್ಲಿಷಿನ ಹಳೆಯ ಕಡತಗಳಲ್ಲಿ ಶಿಮೊಗಾ ಎಂದೇ ಇದೆ. ತೀರ್ಥಹಳ್ಳಿಯನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆಗಳಿಗಂತೂ ಕೊನೆಯಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಗ್ರಾಮಗಳ ಪಟ್ಟಿ ಸ್ಪ್ರೆಡ್‌ಶೀಟಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಂಡಾಗ ಕಡತವೇ ಹಾಳಾಗಿದೆ ಎಂದುಕೊಂಡವರಿದ್ದರು. ಯೂನಿಕೋಡಿಗೆ ಪರಿವರ್ತಿಸಿದರೆ ಸರಿಹೋಗುತ್ತದೆ. ಕೊನೆಗೆ ಹೆಸರಿನ ಗೊಡವೆಯನ್ನೇ ಬಿಟ್ಟು, ಪಂಚಾಯತ್ ರಾಜ್ ಸಚಿವಾಲಯ ಪ್ರತಿ ಗ್ರಾಮಕ್ಕೂ ಪಂಚಾಯಿತಿಗೂ ಕೊಟ್ಟಿರುವ ಸಂಖ್ಯಾ ಸಂಕೇತದಿಂದಲೇ ಕಡತಗಳನ್ನು ಜೋಡಿಸಿದೆವು.

ಮಂಗನ ಕಾಯಿಲೆಯ ಬಗ್ಗೆ ಪ್ರಾಜೆಕ್ಟ್ ಮಾಡುತ್ತೇವೆಂದು ಕೇಳಿದ ಗುಂಪಿಗೆ ನಾನು ಒಪ್ಪಲಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗದ ಕುರಿತು ಮಲೆನಾಡಿನ ವಿದ್ಯಾರ್ಥಿಗಳಿಗೆ ಕುತೂಹಲವಿರುವುದು ಸಹಜವೇ. ಆದರೆ ಗ್ರಾಮವಾರು ಪಟ್ಟಿಯಲ್ಲಿ ಒಂದು ಅಥವಾ ಎರಡು ಎಂಬ ಅಂಕಿಯಿದ್ದರೆ ಆ ಒಬ್ಬರು ಯಾರೆಂದು ಊರಿನವರಿಗೆಲ್ಲ ತಿಳಿದಿರುತ್ತದೆ. ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ಇದನ್ನು ಒಂದು ಮಧ್ಯಾಹ್ನ ಪೂರ್ತಿ ಚರ್ಚಿಸಿದೆವು.

ತರಗತಿಯ ಕೊನೆಗೆ ಡೈರಿ ಕೊಟ್ಟ ಬೆಳೆಗಾರರನ್ನೇ ಕರೆಸಿ ಅವರ ಮುಂದೆ ವರದಿ ಮಂಡಿಸುವ ಕ್ರಮವಿದೆ. ಪ್ರಾಧ್ಯಾಪಕರ ಪರೀಕ್ಷೆಗಿಂತ ಇದು ಕಠಿಣ. ಒಬ್ಬ ಬೆಳೆಗಾರರು ನಕ್ಷೆಗಳನ್ನೆಲ್ಲ ಸಮಾಧಾನದಿಂದ ನೋಡಿ, ಕೊಳೆ ರೋಗಕ್ಕೆ ಎರಡನೇ ಸಲದ ಬೋರ್ಡೋ ದ್ರಾವಣ ಹೊಡೆಯಲು ಹೊಳವು, ಅಂದರೆ ಮಳೆಯ ಬಿಡುವು, ಯಾವಾಗ ಸಿಗುತ್ತದೆ, ಅದನ್ನು ಹೇಳಿ ಎಂದರು. ಮಳೆಗಾಲಕ್ಕೆ ಮುಂಚೆ ಒಂದು ಸಲ ಶೇಕಡಾ 1ರ ದ್ರಾವಣ ಹೊಡೆದರೂ, ಸುಮಾರು 40ರಿಂದ 45 ದಿನಗಳ ನಂತರದ ಎರಡನೇ ಸುತ್ತು ಜುಲೈನ ಜಡಿಮಳೆಯಲ್ಲೇ ಬಂದು ಬೀಳುತ್ತದೆ. ವಿದ್ಯಾರ್ಥಿಗಳು ಅಲ್ಲಿಯೇ ಕಡತ ತೆರೆದು, ಜುಲೈನಲ್ಲಿ ಸತತ ಎರಡು ದಿನ 2.5 ಮಿಲಿಮೀಟರಿಗಿಂತ ಕಡಿಮೆ ಮಳೆಯಾದ ಸಂದರ್ಭಗಳನ್ನು ವರ್ಷವಾರು ಎಣಿಸಿ ತೋರಿಸಿದರು. ಕೆಲವು ವರ್ಷ ಒಂದೂ ಇರಲಿಲ್ಲ. ಆಗಲೂ ಔಷಧಿ ಹೊಡೆದದ್ದುಂಟು ಎಂದು ಆ ಬೆಳೆಗಾರರು ತಕರಾರು ತೆಗೆದರು. ಬೆಳಿಗ್ಗೆ ಸುರಿದು ಮಧ್ಯಾಹ್ನ ನಾಲ್ಕೈದು ಗಂಟೆ ಬಿಟ್ಟರೂ ಕೊನೆಗಾರರು ಮರ ಹತ್ತುತ್ತಾರೆ, ಆದರೆ 8.30ರಿಂದ 8.30ರವರೆಗಿನ ಒಂದೇ ಅಂಕಿಯಲ್ಲಿ ಆ ಹೊಳವು ಕಾಣಿಸುವುದಿಲ್ಲ. ಅದಕ್ಕೆ ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅಳವಡಿಸಿರುವ ಸ್ವಯಂಚಾಲಿತ ಮಳೆಮಾಪಕಗಳ 15 ನಿಮಿಷದ ಅಂಕಿಗಳು ಬೇಕು. ಅವುಗಳನ್ನು ಕೋರಿ ಅರ್ಜಿ ಬರೆಯುವುದೇ ಮುಂದಿನ ತಂಡದ ಮೊದಲ ಪಾಠವೆಂದು ಈಗಾಗಲೇ ಪಠ್ಯಕ್ರಮದಲ್ಲಿ ಸೇರಿಸಿದ್ದೇನೆ.